ಕಲ್ಲು ನೆಕ್ಕುವ ಮೀನಿಗೆ ಮನೆಯೊಳಗೊಂದು ತೋಡು: ಹಿಲ್‌ಸ್ಟ್ರೀಮ್ ಲೋಚ್ ಸಾಕುವ ಸಮಗ್ರ ಮಾರ್ಗದರ್ಶಿ

ಮನೆಗೆ ಬಂದ ಭಾವ ಟ್ಯಾಂಕಿನ ಹತ್ತಿರ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದೆಂತ ಮಾರಾಯ, ಹಲ್ಲಿ ಹಿಡಿದು ನೀರಿಗೆ ಹಾಕಿದ್ದಾ?" ಎಂದರು.

ಅವರ ತಪ್ಪಲ್ಲ. ಗಾಜಿಗೆ ಅಂಟಿಕೊಂಡ ಚಪ್ಪಟೆ ಮೈ, ಎರಡೂ ಬದಿಗೆ ಬೀಸಣಿಗೆಯ ಹಾಗೆ ಹರಡಿದ ರೆಕ್ಕೆ, ಬೆನ್ನ ಮೇಲೆ ಬಲೆ ಹೆಣೆದಂಥ ಗೆರೆ. ಈಜುವುದಕ್ಕಿಂತ ಜಾರುವುದೇ ಜಾಸ್ತಿ. ಗಾಜಿನ ಹೊರಗಿನಿಂದ ಅದರ ಹೊಟ್ಟೆ ನೋಡಿದರೆ ಇನ್ನೂ ಮಜಾ. ಎದೆಯ ರೆಕ್ಕೆ, ಹೊಟ್ಟೆಯ ರೆಕ್ಕೆ ಎಲ್ಲ ಸೇರಿ ಒಂದು ತಟ್ಟೆಯಾಗಿರುತ್ತದೆ. ಹಿಂದಿನ ಎರಡು ರೆಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಬಟ್ಟಲಿನ ಅಂಚಿನ ಹಾಗೆ ಕಾಣುತ್ತವೆ. ಎದೆರೆಕ್ಕೆಯ ಹಿಂಬದಿ ಮಾತ್ರ ಒಂದೇ ಸಮನೆ ಪಟಪಟ ಅಲುಗುತ್ತಿರುತ್ತದೆ. ಹೊಟ್ಟೆಯಡಿ ನುಗ್ಗಿದ ನೀರನ್ನು ಹಿಂದಕ್ಕೆ ತಳ್ಳುವುದೇ ಅದರ ಕೆಲಸ. ಹಾಗಾಗಿ ಹಿಡಿತ ತಪ್ಪುವುದಿಲ್ಲ. ಬಾಯಿ ಅಡಿಯಲ್ಲಿದೆ. ಒಂದೊಂದು ಸಲ ಮುಚ್ಚಿ ತೆರೆಯುವಾಗಲೂ ಗಾಜಿನ ಮೇಲಿನ ಕಂದು ಪೊರೆಯಲ್ಲಿ ಸಣ್ಣದೊಂದು ಗೀರು ಉಳಿಯುತ್ತದೆ.

ಅಂಗಡಿಗಳಲ್ಲಿ ಹಿಲ್‌ಸ್ಟ್ರೀಮ್ ಲೋಚ್ ಎಂದು ಸಿಗುವುದು ಹೆಚ್ಚಾಗಿ ವಿಯೆಟ್ನಾಂ ತೊರೆಗಳ ಸೆವೆಲ್ಲಿಯಾ ಲಿನಿಯೊಲಾಟಾ. ಇಲ್ಲಿ ನಾನು ಬರೆಯುತ್ತಿರುವುದೂ ಮುಖ್ಯವಾಗಿ ಅದರ ಬಗ್ಗೆಯೇ. ಬೆಳೆದರೆ ಆರು ಸೆಂಟಿಮೀಟರ್ ಆಸುಪಾಸು. ದಕ್ಷಿಣ ಚೀನಾದ ಬ್ಯೂಫೋರ್ಟಿಯಾ, ಬೋರ್ನಿಯೊ ದ್ವೀಪದ ಗ್ಯಾಸ್ಟ್ರೊಮೈಝಾನ್ ಅಪರೂಪಕ್ಕೆ ಬರುತ್ತವೆ. ಸಾಕುವ ಕ್ರಮ ಮೂರಕ್ಕೂ ಹೆಚ್ಚುಕಮ್ಮಿ ಒಂದೇ. ನಮ್ಮ ಘಟ್ಟದಲ್ಲೂ ಇವುಗಳ ನೆಂಟರಿದ್ದಾರೆ. 1849ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ವಿವರಿಸಿದ ಭವಾನಿಯಾ ಆಸ್ಟ್ರಾಲಿಸ್ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ರಭಸದ ನೀರಿನಲ್ಲಿ ಬದುಕುವ ಇಂಥ ಜೀವಿಗಳ ಮೈಕಟ್ಟಿನ ಬಗ್ಗೆ ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1930ರಲ್ಲೇ ದೊಡ್ಡ ಪ್ರಬಂಧ ಬರೆದಿದ್ದರು.

"ಹಾಗಾದರೆ ಹೊಳೆಯಿಂದಲೇ ಹಿಡಿದು ತಂದರಾಯಿತಲ್ಲ" ಎನ್ನಬೇಡಿ. ಅಭಯಾರಣ್ಯದೊಳಗಾದರೆ ಅದು ಅಪರಾಧ. ಹೊರಗಾದರೂ, ಘಟ್ಟಕ್ಕೆ ಮಾತ್ರ ಸೀಮಿತವಾದ ಮೀನನ್ನು ನಮ್ಮ ಟ್ಯಾಂಕಿನ ಪ್ರಯೋಗಕ್ಕೆ ಬಲಿಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು ಮೊದಲೇ. ಟ್ಯಾಂಕಿನ ಪಾಚಿ ತೆಗೆಯಲು ಒಂದು ಆಳು ಬೇಕು ಎಂದಾದರೆ ಈ ಮೀನು ತರಬೇಡಿ. ಅದಕ್ಕೆ ಐವತ್ತು ರೂಪಾಯಿಯ ಬ್ರಷ್ ಸಾಕು. ಇದಕ್ಕೆ ನಾವೇ ಪಾಚಿ ಬೆಳೆಸಿಕೊಡಬೇಕು. ತಣ್ಣಗಿನ ನೀರು ಕೊಡಬೇಕು. ಆ ನೀರು ಹಗಲು ರಾತ್ರಿ ಹರಿಯುತ್ತಿರಬೇಕು. ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದ ಕಡೆ ಮೂರರಲ್ಲಿ ಕಷ್ಟದ್ದು ಯಾವುದು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಮೀನಿಗಿಂತ ಮೊದಲು ಒಂದು ಬಕೆಟ್ ನೀರು

ಟ್ಯಾಂಕ್ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಕೆಟ್ ನೀರಿಡಿ. ಅದರಲ್ಲೊಂದು ಥರ್ಮಾಮೀಟರ್ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೂ ಬೆಳಗ್ಗೆ ಆರಕ್ಕೂ ಓದಿ ಬರೆದಿಡಿ. ಹತ್ತು ದಿನ ಸಾಕು. ಹೆಚ್ಚಿನವರು ಈ ಕೆಲಸ ಬಿಟ್ಟುಬಿಡುತ್ತಾರೆ. ಡಿಸೆಂಬರಿನಲ್ಲಿ ಮೀನು ತಂದು, ನಾಲ್ಕು ತಿಂಗಳು ಖುಷಿಯಲ್ಲಿದ್ದು, ವಿಷುವಿನ ಹೊತ್ತಿಗೆ ಒಂದೊಂದಾಗಿ ಕಳೆದುಕೊಳ್ಳುತ್ತಾರೆ.

ಈ ಮೀನಿಗೆ ಹಿತವಾದದ್ದು 20ರಿಂದ 24 ಡಿಗ್ರಿ. ನೀರು ಚೆನ್ನಾಗಿ ಹರಿಯುತ್ತಿದ್ದರೆ 26ರವರೆಗೆ ತಾಳಿಕೊಳ್ಳುತ್ತದೆ. ಅದರಾಚೆ ತೊಂದರೆ ಎರಡು ಕಡೆಯಿಂದ ಬರುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 25ಕ್ಕೆ ಬಂದಾಗ ಅದು ಸುಮಾರು 8.3. 30ಕ್ಕೆ 7.6. ನೀರಿನಲ್ಲಿ ಆಮ್ಲಜನಕ ಇಳಿಯುತ್ತಾ ಹೋದ ಹಾಗೆ ಬಿಸಿಗೆ ಮೀನಿನ ಮೈಯ ಬೇಡಿಕೆ ಏರುತ್ತಾ ಹೋಗುತ್ತದೆ. ಕೊಳದ ಮೀನಾದರೆ ಮೇಲೆ ಬಂದು ಬಾಯಿ ಬಿಡುತ್ತದೆ, ಹೇಗೋ ಸುಧಾರಿಸುತ್ತದೆ. ನೊರೆಯೆದ್ದು ಹರಿಯುವ ನೀರಿನಲ್ಲೇ ತಲೆತಲಾಂತರ ಬದುಕಿದ ಇದಕ್ಕೆ ಆ ವಿದ್ಯೆ ಇಲ್ಲ.

ಬಕೆಟ್ಟಿನ ನೀರು ಮಧ್ಯಾಹ್ನ 28 ದಾಟದಿದ್ದರೆ ಧೈರ್ಯ ಮಾಡಬಹುದು. 31, 32 ತೋರಿಸಿದರೆ ಜಾಗ ಬದಲಿಸಿ ಇನ್ನೊಮ್ಮೆ ನೋಡಿ. ಕಾಂಕ್ರೀಟ್ ತಾರಸಿಯ ಕೆಳಗಿನ ಮಹಡಿ ಕೋಣೆ ಬೇಡವೇ ಬೇಡ. ಅಡುಗೆಮನೆ ಗೋಡೆಯ ಪಕ್ಕ ಬೇಡ. ಸಿಟೌಟ್ ನೋಡಲು ಚಂದ, ಆದರೆ ಸಂಜೆ ಬಿಸಿಲು ಬೀಳುತ್ತದೆ. ನಮ್ಮಲ್ಲಿ ಕೊನೆಗೆ ಜಾಗ ಸಿಕ್ಕಿದ್ದು ಅಡಿಕೆ ಮೂಟೆ ಇಡುತ್ತಿದ್ದ ಕೆಳಗಿನ ಕೋಣೆಯಲ್ಲಿ. ಕೆಂಪುಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಉತ್ತರಕ್ಕೊಂದು ಸಣ್ಣ ಕಿಟಕಿ. ಚಾವಡಿಗಿಂತ ಎರಡು ಡಿಗ್ರಿ ಕಮ್ಮಿ.

ತಣ್ಣಗಾಗಿಸುವ ಅಗ್ಗದ ದಾರಿ ಫ್ಯಾನ್. ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಸಣ್ಣ ಫ್ಯಾನ್‌ಗಳು ಬರುತ್ತವೆ. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಹೊಡೆಯುವ ಹಾಗೆ ಇಡಿ. ನೀರು ಆವಿಯಾಗುವಾಗ ಬಿಸಿ ಎಳೆದುಕೊಂಡು ಹೋಗುತ್ತದೆ, ಮಣ್ಣಿನ ಹೂಜಿಯಲ್ಲಿ ಆಗುವ ಹಾಗೆ. ನನ್ನ ಟ್ಯಾಂಕಿನಲ್ಲಿ ಎರಡೂವರೆಯಿಂದ ಮೂರು ಡಿಗ್ರಿ ಇಳಿಯುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕರಾವಳಿಯ ಊರುಗಳಲ್ಲಿ ಗಾಳಿಯೇ ಒದ್ದೆ. ಅಲ್ಲಿ ಅಷ್ಟು ಇಳಿಯುವುದಿಲ್ಲ. ಅಲ್ಲಿಯವರು ನೀರು ತಂಪು ಮಾಡುವ ಯಂತ್ರ, ಚಿಲ್ಲರ್ ಕೊಳ್ಳಬೇಕು, ಇಲ್ಲವೇ ಬೇರೆ ಮೀನು ನೋಡಬೇಕು. ಕಹಿ ಮಾತು, ಆದರೆ ನಿಜ. ಐಸ್ ಬಾಟಲಿ ತೇಲಿಬಿಡುವುದು ಕರೆಂಟು ಹೋದ ದಿನಕ್ಕೆ ಸರಿ. ದಿನಾ ಅದನ್ನೇ ನಂಬಿದರೆ ನೀರು ಒಮ್ಮೆ ಇಳಿದು ಒಮ್ಮೆ ಏರಿ ಮೀನಿಗೆ ಅದೇ ಕಾಯಿಲೆಯಾಗುತ್ತದೆ.

ಸುರಂಗ ಇರುವ ಮನೆಯವರು ಮಾತ್ರ ಪುಣ್ಯವಂತರು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಮೇ ತಿಂಗಳಲ್ಲೂ 26ರ ಮೇಲೆ ಹೋಗಿದ್ದನ್ನು ನಾನು ನೋಡಿಲ್ಲ. ಬೇಸಿಗೆಯಲ್ಲಿ ನಾನು ಮಾಡುವುದಿಷ್ಟೆ. ಸುರಂಗದ ಪೈಪಿನಿಂದ ಒಂದು ತೆಳು ಟ್ಯೂಬ್ ಎಳೆದು ಮೊದಲು ಬಕೆಟ್ಟಿಗೆ ಬಿಡುತ್ತೇನೆ. ಬಕೆಟ್ಟಿನಲ್ಲಿ ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಓಡುತ್ತಿರುತ್ತದೆ. ಅಲ್ಲಿಂದ ತೊಟ್ಟು ತೊಟ್ಟಾಗಿ ಟ್ಯಾಂಕಿಗೆ, ಗಂಟೆಗೆ ಎರಡು ಲೀಟರ್ ಲೆಕ್ಕದಲ್ಲಿ. ಹೆಚ್ಚಾದ ನೀರು ಟ್ಯಾಂಕಿನ ಮೇಲಿನ ತೂತಿನಿಂದ ಬಾಳೆಬುಡಕ್ಕೆ ಹೋಗುತ್ತದೆ. ನೀರು ಬದಲಿಸಿದ ಹಾಗೂ ಆಯಿತು, ತಂಪೂ ಆಯಿತು.

ಟ್ಯಾಂಕ್ ಮತ್ತು ಹರಿವು

ಎತ್ತರದ ಟ್ಯಾಂಕ್ ಬೇಡ. ಉದ್ದ, ಅಗಲ ಇರಲಿ. ನನ್ನದು ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರ. ಹತ್ತು ಇಂಚು ತುಂಬಿಸಿದರೆ ನೂರು ಲೀಟರಿಗೆ ಸ್ವಲ್ಪ ಜಾಸ್ತಿ. ಆರು ಲೋಚ್‌ಗೆ ಧಾರಾಳ.

ಗಂಟೆಗೆ ಟ್ಯಾಂಕಿನ ನೀರಿನ ಹತ್ತರಿಂದ ಹದಿನೈದು ಪಟ್ಟು ನೀರು ತಿರುಗಬೇಕು. ಅಂದರೆ ನೂರು ಲೀಟರಿಗೆ 1000ದಿಂದ 1500 ಲೀಟರ್ ಎಳೆಯುವ ಪಂಪು. ಡಬ್ಬದ ಮೇಲೆ ಬರೆದ ಲೆಕ್ಕ ಬೇರೆ, ಸ್ಪಂಜು ಕಟ್ಟಿದ ಮೇಲೆ ಬರುವ ನೀರು ಬೇರೆ. ಸ್ವಲ್ಪ ದೊಡ್ಡದೇ ತೆಗೆದುಕೊಳ್ಳಿ. ಆದರೆ ವಾಟ್ ಎಷ್ಟು ಎಂದು ನೋಡಿ. ನೀರೊಳಗೆ ಓಡುವ ಪಂಪು ಸಣ್ಣದೊಂದು ಹೀಟರ್ ಇದ್ದ ಹಾಗೆ. ನಾನು ಮೊದಲು ತಂದ 35 ವಾಟಿನ ಪಂಪು ತೆಗೆದು ಕಡಿಮೆ ವಾಟಿನದು ಹಾಕಿದಾಗ ನೀರು ಸುಮಾರು ಒಂದು ಡಿಗ್ರಿ ಇಳಿಯಿತು.

ನೀರು ಸುತ್ತು ಹೊಡೆಯುವುದು ಬೇರೆ, ಹರಿಯುವುದು ಬೇರೆ. ಪಂಪು ಒಂದು ಮೂಲೆಯಲ್ಲಿದ್ದರೆ ಅದರ ಎದುರು ಮಾತ್ರ ರಭಸ, ಉಳಿದ ಕಡೆ ಸತ್ತ ನೀರು. ಇದಕ್ಕೆ ಒಂದು ಸುಲಭ ಉಪಾಯವಿದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪು ತೆಗೆದುಕೊಳ್ಳಿ. ಟ್ಯಾಂಕಿನ ಉದ್ದಕ್ಕಿಂತ ಸ್ವಲ್ಪ ಕಮ್ಮಿ ಕತ್ತರಿಸಿ. ಎರಡೂ ತುದಿಗೆ ಮೇಲ್ಮುಖವಾಗಿ ಒಂದೊಂದು ಎಲ್ಬೋ ಹಾಕಿ, ಗಿಡ್ಡ ತುಂಡು ನಿಲ್ಲಿಸಿ. ಎಡ ತುದಿಗೆ ಸ್ಪಂಜು ಫಿಲ್ಟರ್. ಬಲ ತುದಿಗೆ ಪಂಪಿನ ನೀರೆಳೆಯುವ ಬಾಯಿ. ಪಂಪಿನ ನೀರು ಬಿಡುವ ಬಾಯಿ ಎಡಕ್ಕೆ ತಿರುಗಿರಲಿ. ಪೈಪನ್ನು ಮರಳಿನಡಿ ಮುಚ್ಚಿ. ಈಗ ಎಡದಲ್ಲಿ ಎಳೆದ ನೀರು ಮರಳಿನಡಿಯಿಂದ ಬಲಕ್ಕೆ ಹೋಗಿ, ಅಲ್ಲಿಂದ ಹೊರಬಿದ್ದು ಟ್ಯಾಂಕಿನುದ್ದಕ್ಕೂ ಎಡಕ್ಕೆ ಹರಿಯುತ್ತದೆ. ಸ್ವಿಚ್ ಹಾಕಿದ ಕೂಡಲೇ ಒಂದು ಎಲೆಚೂರು ಬಿಟ್ಟು ನೋಡಿ. ತೋಡಿನಲ್ಲಿ ಹೋಗುವ ಹಾಗೆ ಹೋಗುತ್ತದೆ.

ಪೈಪಿನ ಜೋಡಣೆಗೆ ಸೊಲ್ಯೂಷನ್ ಹಚ್ಚಬೇಡಿ. ಒತ್ತಿ ಸಿಕ್ಕಿಸಿದರೆ ಸಾಕು, ಅಲ್ಲಿ ಸ್ವಲ್ಪ ಸೋರಿದರೂ ಟ್ಯಾಂಕಿನೊಳಗೇ ತಾನೆ. ಬಿಚ್ಚಿ ತೊಳೆಯಲೂ ಅನುಕೂಲ. ಸ್ಪಂಜು ಇಲ್ಲದೆ ಪಂಪು ಓಡಿಸಬೇಡಿ, ಮರಿಗಳು ಹೀರಿಕೊಂಡು ಹೋಗುತ್ತವೆ.

ಮುಚ್ಚಳ ಬೇಕು. ಒದ್ದೆ ಗಾಜಿನ ಮೇಲೆ ಇದು ನೀರಿನಿಂದ ಎರಡು ಇಂಚು ಮೇಲಕ್ಕೂ ಹತ್ತುತ್ತದೆ. ಒಮ್ಮೆ ಅಂಚು ದಾಟಿತೆಂದರೆ ಬೆಳಗ್ಗೆ ನೆಲದ ಮೇಲೆ ಒಣಗಿದ ಎಲೆಯ ಹಾಗೆ ಸಿಗುತ್ತದೆ. ಗಾಜಿನ ಮುಚ್ಚಳ ಹಾಕಿದರೆ ಫ್ಯಾನಿನ ಗಾಳಿ ಒಳಗೆ ಹೋಗುವುದಿಲ್ಲ. ಹಾಗಾಗಿ ಮರದ ಚೌಕಟ್ಟಿಗೆ ಸೊಳ್ಳೆ ಬಲೆ ಬಿಗಿದು ಮುಚ್ಚಿ.

ಕಲ್ಲು, ಮರಳು, ಮತ್ತು ನನ್ನ ನೀಲಿ ಬಕೆಟ್ಟಿನ ಕತೆ

ಕಲ್ಲು ನುಣ್ಣಗಿರಬೇಕು. ತೋಡಿನಲ್ಲಿ ಉರುಳಿ ಉರುಳಿ ದುಂಡಗಾದ ಕಗ್ಗಲ್ಲು ಒಳ್ಳೆಯದು. ಮುಷ್ಟಿಯ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗೆ ಹತ್ತು ಹನ್ನೆರಡು ಸಾಕು. ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲಿನ ತುಂಡು ಹಾಕಬೇಡಿ. ಅದು ಪುಡಿ ಬಿಡುತ್ತದೆ, ಅಂಚು ಒರಟು, ಮೀನಿನ ಹೊಟ್ಟೆ ಗೀರುತ್ತದೆ. ಕಲ್ಲುಗಳ ನಡುವೆ ಸಂದು ಇರಲಿ. ಒಂದೆರಡು ಕಡೆ ರಭಸ ತಗ್ಗುವ ಮರೆಯೂ ಇರಲಿ. ಹೊಳೆಯಲ್ಲೂ ಮೀನು ಇಡೀ ದಿನ ಸೆಳೆತಕ್ಕೆ ಎದೆಯೊಡ್ಡಿ ನಿಲ್ಲುವುದಿಲ್ಲ.

ತಂದ ಕಲ್ಲನ್ನು ಉಜ್ಜಿ ತೊಳೆದು ಮೇಲಿನಿಂದ ಬಿಸಿನೀರು ಸುರಿಯಿರಿ. ಹಂಡೆಗೆ ಹಾಕಿ ಕುದಿಸಬೇಡಿ, ಒಳಗೆ ನೀರು ಕುಳಿತ ಕಲ್ಲು ಸಿಡಿಯುವುದುಂಟು.

ಈಗ ಬಕೆಟ್ಟಿನ ವಿಷಯ. ಅಡಿಕೆ ತೋಟ ಇರುವವರಿಗೆ ಮಳೆಗಾಲದ ಮೊದಲು ಮದ್ದು ಬಿಡುವ ಗಡಿಬಿಡಿ ಗೊತ್ತೇ ಇದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಅದೇ ಗತಿ. ಎರಡು ವರ್ಷದ ಹಿಂದೆ ಜೂನ್ ಮೊದಲ ವಾರ. ಟ್ಯಾಂಕಿನ ನೀರು ಬದಲಿಸಲು ಹೊರಟೆ, ಮೀನಿನ ಬಕೆಟ್ಟಿನಲ್ಲಿ ಯಾರೋ ಬಟ್ಟೆ ನೆನೆಸಿಟ್ಟಿದ್ದರು. ಹಟ್ಟಿಯ ಹಿಂದೆ ಇದ್ದ ನೀಲಿ ಬಕೆಟ್ಟು ತಂದೆ. ಮೂರು ಸಲ ತೊಳೆದೆ. ಕಣ್ಣಿಗೆ ಒಂದು ಚೂರೂ ಬಣ್ಣ ಕಾಣಲಿಲ್ಲ. ಸಂಜೆ ಐದಕ್ಕೆ ನೀರು ಹಾಕಿದ್ದು. ರಾತ್ರಿ ಊಟ ಮುಗಿಸಿ ನೋಡುವಾಗ ಆರರಲ್ಲಿ ಎರಡು ಗಾಜು ಬಿಟ್ಟು ಕೆಳಗೆ ಬಿದ್ದಿದ್ದವು. ಕಿವಿರು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಬೆಳಗಿನ ಹೊತ್ತಿಗೆ ಮೂರು ಸತ್ತಿದ್ದವು. ಆ ಬಕೆಟ್ಟಿನಲ್ಲಿ ಹಿಂದಿನ ವಾರ ಮೈಲುತುತ್ತು ನೆನೆಸಿದ್ದು ನಾನೇ.

ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಿ ಅದರ ಕಾಟ ಇನ್ನೂ ಜಾಸ್ತಿ. ಗಡಸು ನೀರಿನಲ್ಲಾದರೆ ತಾಮ್ರದ ಒಂದು ಪಾಲು ಬೇರೆ ಲವಣಗಳ ಜೊತೆ ಕೂಡಿಕೊಂಡು ತಣ್ಣಗಾಗುತ್ತದೆ. ಇಲ್ಲಿ ಅದನ್ನು ಹಿಡಿದಿಡಲು ಏನೂ ಇಲ್ಲ. ಹಾಗಾಗಿ ಮೀನಿಗೆ ಬೇರೆಯೇ ಬಕೆಟ್, ಬೇರೆಯೇ ಚೊಂಬು, ಬೇರೆಯೇ ಪೈಪು. ಎಣ್ಣೆಪೆನ್ನಿನಲ್ಲಿ 'ಮೀನು' ಎಂದು ದೊಡ್ಡದಾಗಿ ಬರೆಯಿರಿ. ಮದ್ದು ಬಿಟ್ಟ ತೋಟದ ತೋಡಿನಿಂದ ಆ ಮಳೆಗಾಲದಲ್ಲಿ ನೀರಾಗಲಿ ಕಲ್ಲಾಗಲಿ ತರಬೇಡಿ. ಮದ್ದು ಬಿಡುವ ದಿನ ಕೋಣೆಯ ಕಿಟಕಿಯನ್ನೂ ಮುಚ್ಚಿ.

ನೀರು ಹದಕ್ಕೆ ಬರುವ ತನಕ

ಕೆಂಪುಕಲ್ಲಿನ ನೆಲದ ಬಾವಿ ನೀರು, ಸುರಂಗದ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಸೇದಿದ ಕೂಡಲೇ ಪಿಎಚ್ ನೋಡಿದರೆ ಆರಕ್ಕಿಂತ ಕಡಿಮೆ ತೋರಿಸಬಹುದು. ಹೆದರಬೇಡಿ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ. ಒಂದು ರಾತ್ರಿ ಗಾಳಿಕಲ್ಲು ಓಡಿಸಿ ಬೆಳಗ್ಗೆ ನೋಡಿ, ಪಿಎಚ್ ಮೇಲೆ ಬಂದಿರುತ್ತದೆ. ಇದೇ ಕಾರಣಕ್ಕೆ ಬಾವಿಯ ನೀರನ್ನು ನೇರ ಕೊಡದಲ್ಲಿ ತಂದು ಟ್ಯಾಂಕಿಗೆ ಸುರಿಯಬಾರದು. ಪೇಟೆಯಲ್ಲಿ ನಲ್ಲಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು.

ಬೇಕಾದ ಪಿಎಚ್ 6.5ರಿಂದ 7.5. ಮೆದು ನೀರಿನ ಕಷ್ಟವೆಂದರೆ ಪಿಎಚ್ ನಿಲ್ಲುವುದಿಲ್ಲ, ವಾರ ಕಳೆದ ಹಾಗೆ ಕೆಳಗೆ ಜಾರುತ್ತದೆ. ಆರಕ್ಕಿಂತ ಕೆಳಗೆ ಹೋದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ. ಮದ್ದು ನಮ್ಮ ಕಡಲತೀರದಲ್ಲೇ ಇದೆ. ಮರುವಾಯಿ ಚಿಪ್ಪು. ತೊಳೆದು, ಕುದಿಸಿ, ಒಣಗಿಸಿ, ಕುಟ್ಟಿ ಒರಟು ಪುಡಿ ಮಾಡಿ. ಒಂದು ಹಿಡಿಯನ್ನು ಬಲೆಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಡಿ. ನೀರು ಹುಳಿಯಾದಷ್ಟು ಚಿಪ್ಪು ಕರಗುತ್ತದೆ, ತಾನಾಗಿಯೇ ಸರಿತೂಗುತ್ತದೆ. ಆದರೆ ಅದೇ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು, ವೀಳ್ಯದ ಡಬ್ಬಿಯದ್ದೇ ಆದರೂ, ಹಾಕಬೇಡಿ. ಅದು ಪಿಎಚ್ ಅನ್ನು ಒಂದೇ ಏಟಿಗೆ ಮೇಲಕ್ಕೆ ಒದ್ದು ಮೀನನ್ನು ಸುಡುತ್ತದೆ.

ಎಲ್ಲ ಜೋಡಿಸಿದ ಮೇಲೆ ಮೀನಿಲ್ಲದೆ ಆರು ವಾರ ಓಡಿಸಿ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಕಾಯಬೇಕು. ಗೆಳೆಯರ ಹಳೆ ಟ್ಯಾಂಕಿನ ಸ್ಪಂಜು ಹಿಂಡಿದ ನೀರು ಸಿಕ್ಕಿದರೆ ಬೇಗ ಆಗುತ್ತದೆ. ಈ ಮೀನಿಗಾದರೆ ಆರು ವಾರಕ್ಕೆ ನಿಲ್ಲಿಸದೆ ಮೂರು ತಿಂಗಳು ಕಾಯುವುದು ಇನ್ನೂ ಒಳ್ಳೆಯದು. ದಿನಾ ಎಂಟರಿಂದ ಹತ್ತು ಗಂಟೆ ದೀಪ ಹಾಕಿ. ಕಲ್ಲಿನ ಮೇಲೆ ಮೊದಲು ಕಂದು ಪೊರೆ ಬರುತ್ತದೆ, ಆಮೇಲೆ ಹಸಿರು. ಬೆರಳಾಡಿಸಿದರೆ ಜಾರಬೇಕು. ಆ ಜಾರುವ ಪೊರೆಯೇ ಅದರ ಊಟ. ಮಿರಮಿರ ಹೊಳೆಯುವ ಹೊಸ ಟ್ಯಾಂಕಿಗೆ ಬಿಟ್ಟರೆ ಹಸಿವಿನಿಂದಲೇ ಸಾಯುತ್ತದೆ.

ಮೀನು ತರುವುದು

ಕಾಸರಗೋಡು ಪೇಟೆಯ ಅಂಗಡಿಗಳಲ್ಲಿ ಕೇಳಿದರೆ "ಸಕ್ಕರ್ ಉಂಡಲ್ಲೊ" (ಸಕ್ಕರ್ ಇದೆಯಲ್ಲ) ಎಂದು ಬೇರೇನನ್ನೋ ತೋರಿಸಬಹುದು. ಸಕ್ಕರ್ ಫಿಶ್ ಒಂದಡಿ ದಾಟಿ ಬೆಳೆಯುತ್ತದೆ. ಹಳದಿ ಬಣ್ಣದ ಚೈನೀಸ್ ಆಲ್ಗೀ ಈಟರ್ ಸಣ್ಣದಿರುವಾಗ ಪಾಪದ್ದು, ಬೆಳೆದ ಮೇಲೆ ಬೇರೆ ಮೀನಿನ ಮೈಯ ಲೋಳೆಯನ್ನೇ ನೆಕ್ಕುತ್ತದೆ. ಎರಡೂ ಬೇಡ. ಮಂಗಳೂರಿನ ಅಂಗಡಿಗೆ ಹೇಳಿಟ್ಟರೆ ತರಿಸಿಕೊಡುತ್ತಾರೆ. ಚೆನ್ನೈನ ಕೊಳತ್ತೂರು ಬಣ್ಣದ ಮೀನಿನ ದೊಡ್ಡ ಪೇಟೆ, ಬಹಳಷ್ಟು ಮಾಲು ಅಲ್ಲಿಂದಲೇ ಬರುವುದು. ಪಾರ್ಸೆಲ್ ತರಿಸುವುದಾದರೆ ನವೆಂಬರಿನಿಂದ ಜನವರಿಯೊಳಗೆ ತರಿಸಿ.

ಆರಿಸುವಾಗ ಗಾಜಿಗೆ ಅಂಟಿದ ಮೀನನ್ನು ಹೊಟ್ಟೆಯ ಕಡೆಯಿಂದ ನೋಡಿ. ಹೊಟ್ಟೆ ಚಪ್ಪಟೆಯಿದ್ದರೆ ಪರವಾಗಿಲ್ಲ, ಒಳಕ್ಕೆ ಗುಳಿ ಬಿದ್ದಿದ್ದರೆ ಬೇಡ. ಮೇಲಿನಿಂದ ನೋಡಿದಾಗ ತಲೆಯ ಹಿಂದೆ ಸೊರಗಿ ಬೆನ್ನೆಲುಬು ಕಂಡರೆ ತುಂಬ ದಿನದಿಂದ ಉಪವಾಸ ಎಂದರ್ಥ. ಕಡ್ಡಿ ಹತ್ತಿರ ತಂದಾಗ ಸರಕ್ಕನೆ ಜಾರಿಹೋಗಬೇಕು. ಒಂದೋ ಎರಡೋ ತರಬೇಡಿ, ಐದಾರು ಇರಲಿ. ಗುಂಪಿನಲ್ಲಿದ್ದರೆ ಧೈರ್ಯ. ಜಗಳ ಆಡುತ್ತವೆ. ಒಂದರ ಮೇಲೊಂದು ಹತ್ತಿ, ರೆಕ್ಕೆ ಹರಡಿ, ಗಿರಗಿರ ತಿರುಗುತ್ತವೆ. ಮಕ್ಕಳು ಚಾಪೆಗಾಗಿ ಗುದ್ದಾಡಿದ ಹಾಗೆ. ಗಾಯವಾಗುವುದಿಲ್ಲ.

ಚೀಲವನ್ನು ಟ್ಯಾಂಕಿನಲ್ಲಿ ಅರ್ಧ ಗಂಟೆ ತೇಲಿಬಿಡಿ. ಆಮೇಲೆ ನಮ್ಮ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಅಂಗಡಿಯ ನೀರು ಟ್ಯಾಂಕಿಗೆ ಬೀಳದಿರಲಿ. ಚೀಲಕ್ಕೆ ಅಂಟಿಕೊಂಡದ್ದನ್ನು ಕೈಯಿಂದ ಎಳೆಯಬೇಡಿ. ಚೀಲವನ್ನೇ ಮಡಚಿದರೆ ತಾನಾಗಿ ಬಿಡುತ್ತದೆ. ಬೇರೆ ಮೀನುಗಳಿರುವ ಟ್ಯಾಂಕಾದರೆ ಹೊಸಬರನ್ನು ನಾಲ್ಕು ವಾರ ಪ್ರತ್ಯೇಕ ಇಡುವುದು ಕಡ್ಡಾಯ.

ಬಿಳಿಚುಕ್ಕೆ ರೋಗ ಬಂದರೆ ಒಂದು ಎಚ್ಚರಿಕೆ. ಎಲ್ಲರೂ ಹೇಳುವ ಚಿಕಿತ್ಸೆ ನೀರನ್ನು 30 ಡಿಗ್ರಿಗೆ ಏರಿಸುವುದು. ಈ ಮೀನಿಗೆ ಅದು ರೋಗಕ್ಕಿಂತ ಮೊದಲೇ ಪ್ರಾಣ ತೆಗೆಯುತ್ತದೆ. ತಾಮ್ರದ ಔಷಧಿಯೂ ಬೇಡ, ನನ್ನ ನೀಲಿ ಬಕೆಟ್ಟು ನೆನಪಿರಲಿ. ಬೇರೆ ಔಷಧಿಯನ್ನು ಅರ್ಧ ಪ್ರಮಾಣದಿಂದ ಶುರುಮಾಡಿ, ಗಾಳಿಕಲ್ಲು ಹೆಚ್ಚಿಗೆ ಹಾಕಿ.

ಜೊತೆಗೆ ಯಾರನ್ನು ಬಿಡಬಹುದು? ಜೀಬ್ರಾ ಡೇನಿಯೋ, ವೈಟ್ ಕ್ಲೌಡ್ ಮಿನ್ನೋ. ಎರಡಕ್ಕೂ ಹರಿವು ಇಷ್ಟ, ತಂಪೂ ಇಷ್ಟ. ಗೋಲ್ಡ್‌ಫಿಶ್, ಸಿಕ್ಲಿಡ್ ಬೇಡ.

ಕಲ್ಲಿನ ಸರದಿ

ಆರು ಮೀನು ನೂರು ಲೀಟರಿನ ಟ್ಯಾಂಕನ್ನು ಎರಡು ವಾರದಲ್ಲಿ ನೆಕ್ಕಿ ಬೋಳು ಮಾಡುತ್ತವೆ. ಆಮೇಲೆ?

ಅಂಗಳದಲ್ಲಿ ಅರ್ಧ ದಿನ ಬಿಸಿಲು ಬೀಳುವ ಕಡೆ ಅಗಲ ಬಾಯಿಯ ಮೂರು ಬೇಸಿನ್ ಇಡಿ. ಟ್ಯಾಂಕಿನಿಂದ ತೆಗೆದ ಹಳೆ ನೀರು ತುಂಬಿ, ತಲಾ ನಾಲ್ಕು ಚಪ್ಪಟೆ ಕಲ್ಲು ಮುಳುಗಿಸಿ. ಹಳೆ ನೀರಿನಲ್ಲಿ ನೈಟ್ರೇಟ್ ಇರುತ್ತದೆ, ಪಾಚಿಗೆ ಅದೇ ಗೊಬ್ಬರ. ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಕಲ್ಲು ಹಸಿರಾಗುತ್ತದೆ. ಮಳೆಗಾಲದಲ್ಲಿ ಮೂರು ವಾರ ಬೇಕು, ಬೇಸಿನ್ನನ್ನು ಮಾಡಿನ ಅಂಚಿನ ಒಳಗೆ ಸರಿಸಬೇಕು. ಐದು ದಿನಕ್ಕೊಮ್ಮೆ ಒಂದು ಬೇಸಿನ್ನಿನ ಕಲ್ಲು ಟ್ಯಾಂಕಿಗೆ, ಟ್ಯಾಂಕಿನ ಬೋಳು ಕಲ್ಲು ಬೇಸಿನ್ನಿಗೆ. ಹಾಕುವ ಮೊದಲು ಮೀನಿನ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ತೆಗೆದು, ತಣ್ಣಗಾದ ಮೇಲೆ ಹಾಕಿ. ಬಿಸಿಲಿನ ಕಲ್ಲು ಸುಡುತ್ತಿರುತ್ತದೆ.

ಬೇಸಿನ್ನಿಗೆ ಸೊಳ್ಳೆ ಬಲೆ ಮುಚ್ಚುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ಡೆಂಗಿ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಮೂರೂ ಬೇಸಿನ್ ಕವುಚಿ ಹಾಕಿ, "ನೀರು ನಿಲ್ಲಿಸಬಾರದು ಎಂದು ಎಷ್ಟು ಸಲ ಹೇಳುವುದಣ್ಣಾ?" ಎಂದು ಬೈದು ಹೋದರು. ಹತ್ತು ದಿನದ ಬೆಳೆ ಅಂಗಳದ ಪಾಲಾಯಿತು. ತಪ್ಪು ನನ್ನದೇ.

ಇವು ಎಲ್ಲ ಪಾಚಿಯನ್ನೂ ತಿನ್ನುವುದಿಲ್ಲ. ಕಂದು ಪೊರೆ, ಮೆದು ಹಸಿರು ಪೊರೆ, ಅದರೊಳಗಿನ ಸಣ್ಣಪುಟ್ಟ ಜೀವಿಗಳು, ಇಷ್ಟೇ. ಕೂದಲಿನ ಹಾಗೆ ಉದ್ದ ಬೆಳೆಯುವುದನ್ನು, ಕಪ್ಪು ಗಡ್ಡದಂಥದ್ದನ್ನು ಮೂಸಿಯೂ ನೋಡುವುದಿಲ್ಲ.

ಕಲ್ಲು ಸಾಲದ ದಿನಗಳಿಗೆ ಒಂದು ಅಂಟು ಊಟ ಮಾಡಿಡುತ್ತೇನೆ. ಒಂದು ಹಿಡಿ ಹರಿವೆ ಸೊಪ್ಪು, ಒಂದು ಹಿಡಿ ಹಸಿಬಟಾಣಿ ಬೇಯಿಸಿ ನುಣ್ಣಗೆ ರುಬ್ಬಿ. ಸೊಪ್ಪು ಮನೆಯ ಹಿತ್ತಿಲಿನದ್ದಾಗಲಿ, ಪೇಟೆಯದ್ದಕ್ಕೆ ಏನು ಹೊಡೆದಿರುತ್ತಾರೋ. ನಾಲ್ಕು ಗ್ರಾಂ ಚೈನಾ ಗ್ರಾಸ್ ಅನ್ನು ಇನ್ನೂರು ಮಿಲಿಲೀಟರ್ ನೀರಿನಲ್ಲಿ ಕುದಿಸಿ ಕರಗಿಸಿ. ರುಬ್ಬಿದ್ದನ್ನು ಸೇರಿಸಿ. ಕೈ ತಾಳುವಷ್ಟು ಬಿಸಿಗೆ ಇಳಿದಾಗ ಎರಡು ಚಮಚ ಸ್ಪಿರುಲಿನಾ ಪುಡಿ, ಒಂದು ಚಮಚ ಒಣ ಸಿಗಡಿ ಪುಡಿ ಕಲಸಿ. ಒಣಗಿದ ಕಲ್ಲಿನ ಮೇಲೆ ತೆಳ್ಳಗೆ ಬಳಿದು ಹೆಪ್ಪುಗಟ್ಟಲು ಬಿಡಿ. ಕಲ್ಲು ಸಮೇತ ಟ್ಯಾಂಕಿಗೆ. ಮರುದಿನ ಉಳಿದಿದ್ದರೆ ಹೊರಗೆ.

ನಮ್ಮದು ಸಸ್ಯಾಹಾರಿ ಮನೆ. ಸಿಗಡಿ ಪುಡಿ ಅಡುಗೆಮನೆಯ ಹೊಸಿಲು ದಾಟಬಾರದೆಂದು ಅಮ್ಮನ ಕಟ್ಟಪ್ಪಣೆ. ಕಲಸುವ ಕೆಲಸ ಹಟ್ಟಿಯ ಪಕ್ಕದ ಕಲ್ಲಿನ ಮೇಲೆ ನಡೆಯುತ್ತದೆ, ಬೆಕ್ಕಿನ ಕಣ್ಗಾವಲಿನಲ್ಲಿ.

ವಾರದ ಕೆಲಸ, ಮಳೆಗಾಲದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಮುಂದಿನ ಗಾಜು ಮಾತ್ರ ಉಜ್ಜಿ, ಉಳಿದ ಮೂರು ಬದಿಯ ಪಾಚಿ ಮೀನಿನದ್ದು. ಫ್ಯಾನ್ ಓಡುವ ದಿನಗಳಲ್ಲಿ ನೀರು ಬೇಗ ಇಳಿಯುತ್ತದೆ, ಬೆಳಗ್ಗೆ ಒಂದು ಚೊಂಬು ತುಂಬಿಸಬೇಕು.

ಜೂನಿನಿಂದ ಸೆಪ್ಟೆಂಬರ್ ಮೀನಿಗೆ ಸುಖದ ಕಾಲ. ನೀರು ತಾನಾಗಿಯೇ 25ರ ಹತ್ತಿರ ಬರುತ್ತದೆ. ಆದರೆ ಅಡಿಕೆಮರ ತಂತಿಯ ಮೇಲೆ ಬೀಳುವುದೂ ಆಗಲೇ. ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಗಾಜಿನ ಅಂಚಿಗೆ ಅಂಟುತ್ತವೆ. ಅದು ಅಪಾಯದ ಗುರುತು. ಕರೆಂಟು ಹೋದ ಕೂಡಲೇ ತಾನಾಗಿ ಓಡುವ ಬ್ಯಾಟರಿಯ ಏರ್‌ಪಂಪು ಒಂದಿರಲಿ. ಇನ್‌ವರ್ಟರ್ ಇದ್ದರೆ ಮೀನಿನ ಪಂಪಿಗೂ ಒಂದು ಪಾಯಿಂಟ್ ಎಳೆಸಿ. ಏನೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರು ಎತ್ತಿ ಒಂದಡಿ ಮೇಲಿನಿಂದ ಹೊಯ್ಯುತ್ತಾ ಕೂರಬೇಕು. ಒಂದು ರಾತ್ರಿ ನಾನೂ ಅಪ್ಪನೂ ಸರದಿಯಲ್ಲಿ ಕೂತಿದ್ದೇವೆ.

ಸಾಕು ಅನಿಸಿದರೆ ಅಂಗಡಿಗೆ ಕೊಡಿ, ಇನ್ನೊಬ್ಬರಿಗೆ ಕೊಡಿ, ತೋಡಿಗೆ ಮಾತ್ರ ಬಿಡಬೇಡಿ. ಹಾಗೆ ಹೊರಬಿದ್ದ ಸಕ್ಕರ್ ಫಿಶ್ ಇವತ್ತು ಕೇರಳದ ಹೊಳೆಗಳಲ್ಲಿ ಬಲೆ ಹಾಕಿದವರಿಗೆಲ್ಲ ಸಿಗುತ್ತಿದೆ.

ಮರಿ

ಎರಡನೇ ಮಳೆಗಾಲದ ಹೊತ್ತಿಗೆ ಗಂಡು ಹೆಣ್ಣು ಗುರುತಿಸಬಹುದು. ಮೇಲಿನಿಂದ ನೋಡಿ. ಗಂಡಿನ ಮೂತಿ ಮತ್ತು ಎದೆರೆಕ್ಕೆ ಸೇರುವಲ್ಲಿ ಭುಜದಂಥ ಮೂಲೆ ಕಾಣುತ್ತದೆ. ಹೆಣ್ಣಿನಲ್ಲಿ ಗೆರೆ ನೇರ ಇಳಿಯುತ್ತದೆ, ಮೈಯೂ ದಪ್ಪ. ಹರಿವು ಜೋರಿರುವಲ್ಲಿ ಮರಳಿನಲ್ಲಿ ಸಣ್ಣ ಗುಳಿ ಮಾಡಿ ಅಲ್ಲಿ ಮೊಟ್ಟೆಯಿಡುತ್ತವೆ. ನಾವು ಮಾಡಬೇಕಾದ್ದು ಏನೂ ಇಲ್ಲ. ಮರಿಗಳು ಕೆಲವು ವಾರ ಕಲ್ಲುಸಂದಿಯಲ್ಲೇ ಇದ್ದು, ಒಂದು ದಿನ ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಉದ್ದಕ್ಕೆ ಕಾಣಿಸಿಕೊಳ್ಳುತ್ತವೆ.

ಆ ತಿಂಗಳುಗಳಲ್ಲಿ ಸ್ಪಂಜು ಹಿಂಡಿದ ಬಕೆಟ್ಟನ್ನು ಬಾಳೆಬುಡಕ್ಕೆ ಚೆಲ್ಲುವ ಮೊದಲು ಹತ್ತು ನಿಮಿಷ ಹಾಗೇ ಇಟ್ಟು, ಕೆಸರು ಇಳಿದ ಮೇಲೆ ಟಾರ್ಚ್ ಬಿಟ್ಟು ನೋಡಿ. ನನಗೆ ಮೊದಲ ನಾಲ್ಕು ಮರಿ ಸಿಕ್ಕಿದ್ದು ಬಕೆಟ್ಟಿನ ಬದಿಯಲ್ಲಿ, 'ಮೀನು' ಎಂದು ಬರೆದ ಅಕ್ಷರದ ಒಳಬದಿಗೆ ಅಂಟಿಕೊಂಡು.